ಒಂದು ಹಿಂದಿನ ಲೈಟಿಗಾಗಿ: ಹಳೇ ಜಪಾನಿ ಕಾರುಗಳು ಮತ್ತು ನಮ್ಮ ಗುಜರಿ

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ 1985ರ ಮಾರುತಿ 800 ಇದೆ. ಮೊಟ್ಟಮೊದಲ ಮಾದರಿಯದು, ಕಡ್ಡಿಪೆಟ್ಟಿಗೆಯ ಹಾಗೆ ಚೌಕ. ತೊಂಬತ್ತರ ದಶಕದಲ್ಲಿ ತಾಲ್ಲೂಕಿನ ಡಾಕ್ಟರೊಬ್ಬರಿಂದ ಕೊಂಡದ್ದು. ಸಂತೆಯ ದಿನ ರಸ್ತೆ ಬದಿ ನಿಲ್ಲಿಸಿದ್ದಾಗ ಹೋರಿಯೊಂದು ಕೊಂಬು ಝಾಡಿಸಿ ಹಿಂದಿನ ಬಲಗಡೆ ಲೈಟನ್ನು ಪುಡಿ ಮಾಡಿತು. ನೋಂದಣಿ ನವೀಕರಣಕ್ಕೆ ಇನ್ನೆರಡು ತಿಂಗಳಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. ಹಿಂದಿನ ಲೈಟೇ ಇಲ್ಲದ ಗಾಡಿಯನ್ನು ಯಾರು ಪಾಸು ಮಾಡುತ್ತಾರೆ? ನಮ್ಮಲ್ಲಿ ಇಬ್ಬರು ಆ ಮೇಷ್ಟ್ರ ಹತ್ತಿರವೇ ಓದಿದವರು. "ನೀವು ಪೇಪರಿನವರು, ನಾಲ್ಕೂರು ತಿರುಗ್ತೀರಿ. ಒಂದು ಲೈಟು ಹುಡುಕಿಕೊಡ್ರಪ್ಪಾ" ಎಂದರು.

ಪೇಟೆಯ ಮೆಕ್ಯಾನಿಕ್ಕು ಮೊದಲೇ ಒಂದು ದಾರಿ ಹೇಳಿದ್ದ. ಟ್ರ್ಯಾಕ್ಟರ್ ಟ್ರೈಲರಿನ ದುಂಡು ಕೆಂಪು ಲೈಟು ತಂದು, ಎರಡು ತೂತು ಕೊರೆದು ಕೂರಿಸಿಬಿಡೋಣ, ಉರಿದರೆ ಸಾಕಲ್ಲ ಎಂದು. ಮೇಷ್ಟ್ರು ಮುಖ ಗಂಟಿಕ್ಕಿದರು. ಅಲ್ಲಿಗೆ ನಮ್ಮ ಓಡಾಟ ಶುರುವಾಯಿತು.

ಮಾರುತಿ 800 ಅಂದರೆ ದೇಶದ ತುಂಬ ಇದ್ದ ಕಾರು, ಇದರ ಲೈಟಿಗೇನು ಬರ ಎಂದುಕೊಂಡೇ ಹೊರಟೆವು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 800ರ ಹೊಸ ಲೈಟುಗಳು ಬೇಕಾದಷ್ಟಿದ್ದವು. ನಮ್ಮ ಕೈಯಲ್ಲಿದ್ದ ಚೂರುಗಳನ್ನು ನೋಡಿದ ಅಂಗಡಿಯವರು ತಲೆಯಾಡಿಸಿದರು. ಶಿವಾಜಿನಗರದ ಗುಜರಿಯಲ್ಲಿ ಒಬ್ಬರು ಚೂರನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಜಪಾನ್ ಎಂದು ಅಚ್ಚಾಗಿದ್ದನ್ನು ಉಗುರಿನಲ್ಲಿ ಸವರಿ, "ಇದು ಫಸ್ಟ್ ಮಾಡೆಲ್ ಸಾರ್. ಇದ್ರ ಮಾಲು ನಮ್ಮ ಅಬ್ಬಾ ಕಾಲಕ್ಕೇ ಮುಗ್ದೋಯ್ತು" ಎಂದರು. ಆಮೇಲಿನ ಮಾದರಿಯ ಲೈಟೊಂದನ್ನು ತಂದು ಪಕ್ಕದಲ್ಲಿಟ್ಟರು. ಅಗಲ ಬೇರೆ, ಬಾಗು ಬೇರೆ, ಸ್ಕ್ರೂ ತೂತುಗಳ ಜಾಗವೇ ಬೇರೆ.

ಒಂದೇ ಹೆಸರಿನ ಎರಡು ಕಾರು. ಒಂದರ ಸಾಮಾನು ರಾಶಿ ಬಿದ್ದಿದೆ, ಇನ್ನೊಂದರದು ತಂದೆಯ ಕಾಲಕ್ಕೇ ಮುಗಿದಿದೆ. ಯಾಕೆ ಹೀಗೆ ಎಂದು ಕೆದಕುತ್ತಾ ಹೋದರೆ ಉತ್ತರ ಗುಜರಿಯಾಚೆ, ನಲವತ್ತು ವರ್ಷದ ಹಿಂದೆ ಸಿಕ್ಕಿತು.

ಮಾರುತಿ ಉದ್ಯೋಗ್ ಸರ್ಕಾರಿ ಕಂಪನಿಯಾಗಿ ಹುಟ್ಟಿದ್ದು 1981ರಲ್ಲಿ. ಜಪಾನಿನ ಸುಜುಕಿಯ ಜೊತೆ ಒಪ್ಪಂದವಾದದ್ದು 1982ರ ಅಕ್ಟೋಬರಿನಲ್ಲಿ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಒಂದು ದೇಶ ಹೊಸ ಕಾರನ್ನು ತಾನೇ ಮಾಡಿಬಿಟ್ಟಿತು ಎಂದರೆ ಯಾರೂ ನಂಬಬಾರದು, ನಂಬುವಂಥದ್ದೂ ಆಗಿರಲಿಲ್ಲ. ಮೊದಮೊದಲ ಕಾರುಗಳು ಜಪಾನಿನಿಂದ ಬಿಡಿ ಸಾಮಾನಾಗಿ ಪೆಟ್ಟಿಗೆಗಳಲ್ಲಿ ಬಂದು ಗುರುಗಾಂವಿನಲ್ಲಿ ಜೋಡಣೆಯಾದವು. ಲೈಟು, ಗಾಜು, ಬಾಗಿಲಿನ ಹಿಡಿ ಎಲ್ಲವೂ ಅದೇ ಪೆಟ್ಟಿಗೆಯಲ್ಲಿ.

ಆ ಕಾರಿನ ಮೂಲ ಸುಜುಕಿಯ ಫ್ರಾಂಟೆ ಮತ್ತು ಆಲ್ಟೊ. ಮೊದಲ ಆಲ್ಟೊ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1979ರಲ್ಲಿ, ಬೆಲೆ 4,70,000 ಯೆನ್. ಅಲ್ಲಿನ 'ಕೇ' ವರ್ಗದ ಸಣ್ಣ ಕಾರುಗಳ ಎಂಜಿನ್ 550 ಸಿಸಿ ಮೀರುವಂತಿರಲಿಲ್ಲ. ನಮ್ಮಲ್ಲಿಗೆ ಬಂದದ್ದು ಹೊರದೇಶಗಳಿಗೆಂದು ಮಾಡಿದ, 796 ಸಿಸಿಯ ಮೂರು ಸಿಲಿಂಡರಿನ ಎಫ್8ಬಿ ಎಂಜಿನ್ ಕೂರಿಸಿದ ರೂಪ. ಮೈ ಜಪಾನಿನ ಬೀದಿಯದು, ಎದೆ ಪರದೇಶದ್ದು. ಈ ವ್ಯತ್ಯಾಸ ಸಣ್ಣದೆನಿಸಿದರೂ ಮುಂದೆ ಬಿಡಿಭಾಗದ ಲೆಕ್ಕದಲ್ಲಿ ದೊಡ್ಡದಾಗುತ್ತದೆ.

ಸರ್ಕಾರ ಅನುಮತಿ ಕೊಡುವಾಗಲೇ ಒಂದು ಷರತ್ತು ಹಾಕಿತ್ತು. ಪೆಟ್ಟಿಗೆಯಲ್ಲಿ ಬರುವ ಸಾಮಾನು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗಿ, ಕೆಲವೇ ವರ್ಷಗಳಲ್ಲಿ ಕಾರಿನ ಬಹುಪಾಲು ಇಲ್ಲೇ ತಯಾರಾಗಬೇಕು. ಆ ಕಾಲದ ಸರ್ಕಾರಿ ಭಾಷೆಯಲ್ಲಿ ಹಂತ ಹಂತದ ತಯಾರಿಕಾ ಕಾರ್ಯಕ್ರಮ. ಷರತ್ತಿಗಿಂತ ಜೋರಾಗಿ ತಳ್ಳಿದ್ದು ಇನ್ನೊಂದು ಸಂಗತಿ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಬ್ರಿಟನ್ನುಗಳ ಹಣಕಾಸು ಸಚಿವರು ಕೂತು ಡಾಲರಿನ ಬೆಲೆ ಇಳಿಸಲು ಒಪ್ಪಿಕೊಂಡರು. ಡಾಲರಿಗೆ 240ರ ಆಸುಪಾಸಿನಲ್ಲಿದ್ದ ಯೆನ್ ಮುಂದಿನ ವರ್ಷದ ನಡುವಿಗೆ 160ರ ಆಸುಪಾಸಿಗೆ ಬಂತು. ಅಂದರೆ ಜಪಾನಿನಿಂದ ಬರುವ ಪ್ರತಿ ಪೆಟ್ಟಿಗೆಯೂ ದಿಢೀರನೆ ದುಬಾರಿಯಾಯಿತು. ಇಲ್ಲೇ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಜಪಾನಿ ಕಂಪನಿಗಳ ಜೊತೆ ಕೈಜೋಡಿಸಿದ ಬಿಡಿಭಾಗದ ಕಾರ್ಖಾನೆಗಳು ಒಂದೊಂದಾಗಿ ಎದ್ದವು. ಕಾರ್ಬುರೇಟರಿಗೆ ಜಪಾನಿನ ಮಿಕುನಿಯ ಜೊತೆಗೂಡಿ ಚೆನ್ನೈನ ಯುಕಾಲ್, ಗಾಜಿಗೆ ಅಸಾಹಿ, ಏಸಿಗೆ ಸುಬ್ರೋಸ್, ಹೀಗೆ.

ಸರಿಯಾಗಿ ಇದೇ ಹೊತ್ತಿಗೆ, 1986ರಲ್ಲಿ, 800ರ ಮೈ ಬದಲಾಯಿತು. ಎಂಜಿನ್ ಅದೇ ಎಫ್8ಬಿ, ಮೇಲಿನ ತಗಡು, ಗಾಜು, ಲೈಟು ಎಲ್ಲ ಸುಜುಕಿಯ ಹೊಸ ಆಲ್ಟೊದ್ದು. ನಮ್ಮ ಕಣ್ಣಿಗೆ 'ಮಾರುತಿ' ಎಂದು ಅಚ್ಚೊತ್ತಿರುವುದು ಈ ಎರಡನೆಯ ಮೈಯೇ. 2014ರ ಜನವರಿಯಲ್ಲಿ ಕೊನೆಯ 800 ಹೊರಬರುವವರೆಗೂ ಒಳಗೆ ಹೊರಗೆ ಸ್ವಲ್ಪ ತೇಪೆ ಹಾಕಿಕೊಂಡು ಅದೇ ಆಕಾರ ಉಳಿಯಿತು. ದೇಶದಲ್ಲಿ ಮಾರಾಟವಾದ 800ಗಳು 25 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಹೆಚ್ಚುಪಾಲು ಈ ಎರಡನೆಯ ಮೈಯವು. ದೇಶೀ ಕಾರ್ಖಾನೆಗಳು ಅಚ್ಚು ಹೊಯ್ದದ್ದು ಇದರ ಸಾಮಾನಿಗೆ. ಅಸಲಿ, ನಕಲಿ, ಲೋಕಲ್ ಎಲ್ಲವೂ ಹುಟ್ಟಿಕೊಂಡದ್ದು ಇದರ ಸುತ್ತ. ಮೂರು ವರ್ಷವೂ ತುಂಬದೆ ನಿಂತುಹೋದ ಮೊದಲ ಮೈಗೆ ಇಲ್ಲಿ ಹೊಸ ಅಚ್ಚು ಹೊಯ್ಯುವ ದರ್ದು ಯಾರಿಗಿತ್ತು?

ಮೇಷ್ಟ್ರ ಕಾರಿನ ಎಂಜಿನ್ ಇವತ್ತು ಕೆಟ್ಟರೆ ನಾಳೆಯೇ ಪಿಸ್ಟನ್, ರಿಂಗು, ಬೇರಿಂಗ್ ಸಿಗುತ್ತವೆ. ಅದೇ ಎಂಜಿನ್ನು 1984ರಲ್ಲಿ ಬಂದ ಮಾರುತಿ ವ್ಯಾನಿಗೂ, ಅಂದರೆ ಆಮೇಲೆ ಓಮ್ನಿ ಎನಿಸಿಕೊಂಡದ್ದಕ್ಕೂ, ಇತ್ತು. ಓಮ್ನಿಯ ತಯಾರಿಕೆ ನಡೆದದ್ದು 2019ರವರೆಗೆ. ಶಾಲೆ ಮಕ್ಕಳನ್ನೂ ಹಾಲಿನ ಕ್ಯಾನನ್ನೂ ಆಸ್ಪತ್ರೆಗೆ ಹೋಗುವ ಬಸುರಿಯನ್ನೂ ಹೊತ್ತು ಹಳ್ಳಿಗಳಲ್ಲಿ ಸವೆದ ಓಮ್ನಿಗಳೆಲ್ಲ ಕೊನೆಗೆ ಗುಜರಿಗೆ ಬಂದು 800ಗಳಿಗೆ ಪ್ರಾಣದಾನ ಮಾಡುತ್ತವೆ. ಹಾಗೆಂದು ಎಲ್ಲವೂ ಹೊಂದುವುದಿಲ್ಲ. 800 ಮುಂದಿನ ಚಕ್ರ ಎಳೆಯುವ ಗಾಡಿ, ಓಮ್ನಿ ಹಿಂದಿನ ಚಕ್ರ ತಳ್ಳುವ ಗಾಡಿ. ಎಂಜಿನ್ನಿನ ಒಳಗಿನ ಸಾಮಾನು ಅಣ್ಣತಮ್ಮಂದಿರದಾದರೂ ಗೇರ್‌ಬಾಕ್ಸು ಒಂದರದು ಇನ್ನೊಂದಕ್ಕೆ ಆಗದು.

ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಈ ಲೆಕ್ಕ ಕಂಪನಿಯ ಕೈಪಿಡಿಯಲ್ಲಿಲ್ಲ, ಗುಜರಿಯವರ ತಲೆಯಲ್ಲಿದೆ. ಗಾಡಿಯೊಂದು ಬಂದರೆ ಟೈರು, ಬ್ಯಾಟರಿ ಮೊದಲು ಇಳಿಯುತ್ತವೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್, ಬಾಗಿಲು, ಗಾಜು, ತಾಮ್ರದ ವೈರು. ಉಳಿದ ತಗಡು ತೂಕಕ್ಕೆ ಹೋಗಿ ಕುಲುಮೆ ಸೇರುತ್ತದೆ. ಬಿಡಿಭಾಗಕ್ಕೆ ಎರಡು ಬೆಲೆ: ಕೇಳುವವರಿದ್ದರೆ ಸಾಮಾನಿನ ಬೆಲೆ, ಇಲ್ಲದಿದ್ದರೆ ಕಬ್ಬಿಣದ ಬೆಲೆ. ಪ್ಲಾಸ್ಟಿಕ್ಕಿನ ಲೈಟಿಗೆ ಆ ಕಬ್ಬಿಣದ ಬೆಲೆಯೂ ಇಲ್ಲ. ಮೊದಲ ಮಾದರಿಯ 800 ಗುಜರಿಗೆ ಬಂದ ಕಾಲದಲ್ಲಿ ಅದರ ಲೈಟನ್ನು ಯಾರೂ ಎತ್ತಿಡಲಿಲ್ಲ, ಅಷ್ಟೇ. ಅಂದಹಾಗೆ ಗುಜರಿಗೆ ಹೋಗುವವರು ಹಳೇ ಸಾಮಾನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಫೋನಿನ ಫೋಟೋ ತೋರಿಸಿದರೆ ಮಾತಾಡುವ ಧಾಟಿಯೇ ಬೇರೆ, ವಸ್ತು ತೋರಿಸಿದರೆ ಬೇರೆ. ನಾವು ಎರಡನ್ನೂ ಮಾಡಿ ನೋಡಿದ್ದೇವೆ.

ಹಾಗಾದರೆ ಜಪಾನಿನಿಂದಲೇ ತರಿಸಬಾರದೇ ಎಂದು ನಮ್ಮಲ್ಲೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ನೈರೋಬಿಯ ಕಿರಿನ್ಯಾಗಾ ರಸ್ತೆಯಲ್ಲಿ, ಕೊಲಂಬೊದ ಪಂಚಿಕಾವತ್ತೆಯಲ್ಲಿ, ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ ಹಳೇ ಜಪಾನಿ ಕಾರುಗಳ ಸಾಮಾನು ಗುಡ್ಡೆ ಬಿದ್ದಿರುತ್ತದೆ. ಅದಕ್ಕೆ ಕಾರಣ ಜಪಾನಿನ ಶಾಕೆನ್ ಎಂಬ ಕಡ್ಡಾಯ ತಪಾಸಣೆ. ಹೊಸ ಕಾರಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಈ ತಪಾಸಣೆ ಆಗಲೇಬೇಕು, ಖರ್ಚೂ ಜೋರು. ಹಾಗಾಗಿ ಇನ್ನೂ ಚೆನ್ನಾಗಿ ಓಡುವ ಕಾರನ್ನೇ ಜನ ಕೈಬಿಡುತ್ತಾರೆ. ಅವು ಹಡಗು ಹತ್ತಿ ಕೀನ್ಯಾ, ಶ್ರೀಲಂಕಾ, ಪಾಕಿಸ್ತಾನ, ನ್ಯೂಜಿಲೆಂಡ್ ಸೇರುತ್ತವೆ. ಕೆಲವನ್ನು ನಡುವೆ ಗರಗಸ ಹಾಕಿ, ಎಂಜಿನ್ ಸಮೇತ ಮುಂಭಾಗವನ್ನಷ್ಟೇ ಕಂಟೇನರಿಗೆ ತುಂಬುತ್ತಾರೆ. ಮಲೇಷ್ಯಾದಲ್ಲಿ 'ಹಾಫ್ ಕಟ್' ಎಂದರೆ ಮಕ್ಕಳಿಗೂ ಗೊತ್ತು.

ಭಾರತ ಈ ಹಡಗಿನ ದಾರಿಯಲ್ಲಿಲ್ಲ. ಹಳೇ ಕಾರು ತರಿಸಬೇಕೆಂದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮುಂಬೈ ಬಂದರಿನಲ್ಲೇ ಇಳಿಯಬೇಕು, ಸುಂಕವೋ ಕಾರಿನ ಬೆಲೆಯನ್ನೂ ಮೀರಿಸುವಷ್ಟು. ದೇಶೀ ಕಾರ್ಖಾನೆಗಳನ್ನು ಕಾಯಲು ಕಟ್ಟಿದ ಗೋಡೆ ಇದು, ಗೋಡೆ ಕೆಲಸವನ್ನೂ ಮಾಡಿದೆ. ಅದರ ಫಲವಾಗಿ ಭಾರತದ ಹಳೇ ಜಪಾನಿ ಕಾರುಗಳು ಇಲ್ಲೇ ಹುಟ್ಟಿ ಇಲ್ಲೇ ಸಾಯುವಂಥವು. ಅವಕ್ಕೆ ಬೇಕಾದ ಅಂಗ ಇಲ್ಲಿ ಸತ್ತ ಇನ್ನೊಂದು ಕಾರಿನಿಂದಲೇ ಬರಬೇಕು.

ಗೋಡೆಯಾಚೆ ಒಬ್ಬ ಅಣ್ಣನಿದ್ದಾನೆ ಎಂಬುದು ತಮಾಷೆ. ಪಾಕಿಸ್ತಾನದ ಸುಜುಕಿ ಮೆಹ್ರಾನ್ ನಮ್ಮ ಎರಡನೆಯ ಮೈಯ 800ರದ್ದೇ ಆಕಾರ, ಎಂಜಿನ್ನೂ ಅದೇ ಎಫ್8ಬಿ. ನಮ್ಮದು ನಿಂತು ಐದು ವರ್ಷವಾದ ಮೇಲೆ, 2019ರವರೆಗೂ ಅದು ಹೊಸದಾಗಿ ತಯಾರಾಗುತ್ತಿತ್ತು. ಕರಾಚಿಯ ಶೇರ್‌ಶಾ ಗುಜರಿಯಲ್ಲಿ ಬಿದ್ದಿರುವ ಬಾಗಿಲು ನಮ್ಮ ಚಿತ್ರದುರ್ಗದ ಕಾರಿಗೆ ಹೊಂದಬಹುದು, ಆದರೆ ಬರುವ ದಾರಿಯಿಲ್ಲ. ಮೇಷ್ಟ್ರ ಕಾರಿಗೆ ಅದೂ ಪ್ರಯೋಜನವಿಲ್ಲ ಅನ್ನಿ, ಮೆಹ್ರಾನಿನದೂ ಎರಡನೆಯ ಮೈಯೇ.

ಇಷ್ಟೆಲ್ಲ ಆದರೂ 800 ಅದೃಷ್ಟವಂತ ಕಾರು. ಅದೇ ಕಾಲಕ್ಕೆ ಬಂದ ಇನ್ನು ಕೆಲವು ಜಪಾನಿ ಗಾಡಿಗಳ ಗತಿ ನೋಡಬೇಕು. ಎಂಬತ್ತರ ದಶಕದ ನಡುವಿನಲ್ಲಿ ಸರ್ಕಾರ ನಾಲ್ಕು ಸಣ್ಣ ಲಾರಿ ಕಂಪನಿಗಳಿಗೆ ಜಪಾನಿನ ಜೊತೆ ಕೂಡಲು ಬಿಟ್ಟಿತು. ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಆಲ್ವಿನ್ ನಿಸಾನ್ ಕಾರ್ಖಾನೆ ಇದ್ದದ್ದು ಬೀದರಿನವರಿಗೆ ನೆರೆಯೂರಾದ ಜಹೀರಾಬಾದಿನಲ್ಲಿ. ಪ್ಲಾಜಾ ಹೋಟೆಲಿನ ಹೊಡೆತ ಇವಕ್ಕೆಲ್ಲ ಕಾಲೂರುವ ಮೊದಲೇ ಬಿತ್ತು. ಮಾರುತಿಗೆ ಮಾರಾಟದ ಸಂಖ್ಯೆ ಇತ್ತು, ಇಲ್ಲೇ ಅಚ್ಚು ಹೊಯ್ದರೂ ಗಿಟ್ಟುತ್ತಿತ್ತು. ಸಣ್ಣ ಲಾರಿಗಳ ಸಂಖ್ಯೆ ಅಷ್ಟಿರಲಿಲ್ಲ. ಆಲ್ವಿನ್ ನಿಸಾನ್ ಮಹೀಂದ್ರದ ತೆಕ್ಕೆಗೆ ಹೋಯಿತು. ಡಿಸಿಎಂ ಟೊಯೊಟಾ ತೊಂಬತ್ತರ ದಶಕದಲ್ಲಿ ಕೊರಿಯಾದ ದೇವೂ ಪಾಲಾಗಿ, ಆ ದೇವೂ ಕೂಡ ಮುಳುಗಿತು. ಐಷರ್ ಮತ್ತು ಸ್ವರಾಜ್ ಉಳಿದುಕೊಂಡವು.

ಉಳಿದವರ ಗುರುತು ನಮ್ಮ ಭಾಷೆಯಲ್ಲೇ ಇದೆ. ಕ್ಯಾಂಟರ್ ಪಲ್ಟಿ ಎಂದು ನಾವೆಲ್ಲ ಎಷ್ಟು ಸಲ ವರದಿ ಬರೆದಿದ್ದೇವೋ. ಕ್ಯಾಂಟರ್ ಎಂಬುದು ಮಿತ್ಸುಬಿಷಿಯ ಒಂದು ಮಾದರಿಯ ಹೆಸರು ಎಂದು ನಮ್ಮಲ್ಲಿ ಅರ್ಧ ಜನಕ್ಕೆ ಈ ಲೇಖನ ಬರೆಯುವವರೆಗೆ ಗೊತ್ತಿರಲಿಲ್ಲ. ಇವತ್ತು ಯಾವ ಕಂಪನಿಯ ಮಧ್ಯಮ ಗಾತ್ರದ ಲಾರಿಯಾದರೂ ಊರಿನ ಬಾಯಲ್ಲಿ ಕ್ಯಾಂಟರೇ. ಆಲ್ವಿನ್ ನಿಸಾನ್ ಎಂದರೆ ಈಗಿನ ಹುಡುಗರು ಗಡಿಯಾರವೋ ಫ್ರಿಜ್ಜೋ ಎಂದುಕೊಳ್ಳುತ್ತಾರೆ. ಅವರದೂ ತಪ್ಪಿಲ್ಲ, ಆಲ್ವಿನ್ ಅವೆರಡನ್ನೂ ಮಾಡುತ್ತಿತ್ತು.

ಹೊರಗೊಂದು ಒಳಗೊಂದು ಇದ್ದ ಕಾರುಗಳದು ಇನ್ನೊಂದು ಪಾಡು. ಪ್ರೀಮಿಯರ್ 118 ಎನ್‌ಇ ನೋಡಲು ಇಟಲಿಯ ಫಿಯೆಟ್ 124, ಎಂಜಿನ್ ಮತ್ತು ಗೇರ್‌ಬಾಕ್ಸ್ ನಿಸಾನಿನದು. ಕಾಂಟೆಸ್ಸಾ ಮೂಲತಃ ಇಂಗ್ಲೆಂಡಿನ ವಾಕ್ಸಾಲ್, ಎಂಬತ್ತರ ದಶಕದಲ್ಲಿ ಅದಕ್ಕೆ ಇಸುಜು ಎಂಜಿನ್ ಬಂತು. ಆ ಮೇಲೆ ಅದೇ ಇಸುಜು ಎಂಜಿನ್ ಅಂಬಾಸಡರಿಗೂ ಇಳಿಯಿತು. ಹೀಗಾಗಿ ಕಾಂಟೆಸ್ಸಾದವರಿಗೆ ಎಂಜಿನ್ ಸಾಮಾನು ಟ್ಯಾಕ್ಸಿಯಾಗಿ ಸವೆದ ಅಂಬಾಸಡರ್‌ನಲ್ಲಿ ಸಿಗುವ ಆಸೆಯಿತ್ತು. 118 ಎನ್‌ಇಯವರಿಗೆ ಅಂಥ ಬಡ ನೆಂಟ ಯಾರೂ ಇರಲಿಲ್ಲ. ಮೆಚ್ಚಿ ಇಟ್ಟುಕೊಂಡಿರುವವರು ಈಗಲೂ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೇ ಗಾಡಿ ಓಡಿಸಬೇಕು.

ನಮ್ಮ ಜಿಲ್ಲೆಗಳ ಮಟ್ಟಿಗೆ ಹೇಳಲೇಬೇಕಾದ ಇನ್ನೊಂದು ಹೆಸರು ಕ್ವಾಲಿಸ್. ಡಿಸಿಎಂ ಕೈಬಿಟ್ಟ ಟೊಯೊಟಾ ಎರಡನೆಯ ಸಲ ಭಾರತಕ್ಕೆ ಬಂದದ್ದು ಕಿರ್ಲೋಸ್ಕರ್ ಜೊತೆ, ಬಿಡದಿಗೆ. 2000ದ ಜನವರಿಯಲ್ಲಿ ಬಂದ ಕ್ವಾಲಿಸ್ ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ರೂಪ. ಧರ್ಮಸ್ಥಳ ಯಾತ್ರೆ, ಮದುವೆ ದಿಬ್ಬಣ, ಏರ್‌ಪೋರ್ಟ್, ಕಾಲ್ ಸೆಂಟರ್ ಪಿಕಪ್ ಎಲ್ಲಕ್ಕೂ ಅದೇ. ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ತಯಾರಾದದ್ದು ಐದೇ ವರ್ಷ. ಆದರೂ ಕ್ವಾಲಿಸ್ ಅನಾಥವಾಗಲಿಲ್ಲ. ಅದರ 2446 ಸಿಸಿಯ ಡೀಸೆಲ್ ಎಂಜಿನ್ ಟೊಯೊಟಾ ಜಗತ್ತಿನ ತುಂಬ ಹೈಲಕ್ಸ್, ಹೈಏಸ್‌ಗಳಲ್ಲಿ ಕೂರಿಸಿದ 2ಎಲ್ ಎಂಜಿನ್ನು. ಕೊಲ್ಲಿಯಲ್ಲಿ ದುಡಿಯುವ ಅಣ್ಣನೋ ಭಾವನೋ ಇರುವ ಕರಾವಳಿಯ ಮನೆಗಳಿಗೆ ಶಾರ್ಜಾ ಅಷ್ಟೇನೂ ದೂರವಲ್ಲ.

ಇದನ್ನೆಲ್ಲ ಬರೆದುಕೊಳ್ಳುತ್ತಾ ನಮಗೆ ತಿಳಿದದ್ದು ಇಷ್ಟು. ಹಳೇ ಕಾರು ಉಳಿಯುವುದು ಅದರ ಗಟ್ಟಿತನದಿಂದ ಎಂದು ನಾವು ನಂಬಿದ್ದೆವು. ಗುಜರಿ ಹೇಳಿದ್ದು ಬೇರೆ: ಅದರಂಥವು ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಸತ್ತವು ಎಲ್ಲಿ ಬಿದ್ದಿವೆ ಎಂಬುದೇ ಲೆಕ್ಕ. ಈ ಲೆಕ್ಕ ಈಗ ಮತ್ತೆ ಬದಲಾಗುತ್ತಿದೆ. 2021ರಲ್ಲಿ ವಾಹನ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ ಹಳೇ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದು. ಮೊದಲು ಹರಾಜಿನಲ್ಲಿ ಕೊಂಡವರ ಕೈಗೆ ಬಂದು, ಸವೆದು, ಬೀದಿ ಬದಿಯ ಗುಜರಿ ಸೇರುತ್ತಿದ್ದ ಇಲಾಖೆಯ ಜಿಪ್ಸಿಗಳು ಈಗ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಕದ್ದ ಗಾಡಿ ಬಿಚ್ಚುವ ದಂಧೆಗೆ ಕಡಿವಾಣ ಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮೀರತ್ತಿನ ಸೋತಿಗಂಜ್ ಮಾರುಕಟ್ಟೆಯನ್ನು 2021ರ ಕೊನೆಗೆ ಪೊಲೀಸರು ಮುಚ್ಚಿಸಿದ್ದೇ ಆ ಕಾರಣಕ್ಕೆ. ಹೊಗೆ ಕಾರುವ ಗಾಡಿ ರಸ್ತೆ ಬಿಡಬೇಕು ಎಂಬುದೂ ಸರಿ. ಆದರೆ ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬ ಆ ಲೆಕ್ಕ ಬಲ್ಲ ಮನುಷ್ಯನಿಗೆ ಹೊಸ ವ್ಯವಸ್ಥೆಯಲ್ಲಿ ಕುರ್ಚಿ ಎಲ್ಲಿ ಎಂದು ಯಾರೂ ಯೋಚಿಸಿದಂತಿಲ್ಲ. ಹಳ್ಳಿಯ ಓಮ್ನಿಯವನಿಗೆ ಹೊಸ ಗಾಡಿಯ ಕಂತಿಗಿಂತ ಆ ಮನುಷ್ಯ ಮುಖ್ಯ.

ಮೇಷ್ಟ್ರ ಲೈಟು ಕೊನೆಗೆ ಸಿಕ್ಕಿದ್ದು ಯಾವ ಗುಜರಿಯಲ್ಲೂ ಅಲ್ಲ. ಅರಸೀಕೆರೆ ಕಡೆ ತೆಂಗಿನ ನುಸಿ ರೋಗದ ವರದಿಗೆಂದು ಹೋದ ನಮ್ಮ ಗೆಳೆಯನಿಗೆ ತೋಟವೊಂದರ ಮೂಲೆಯಲ್ಲಿ ಬಿಳಿ ಚೌಕದ ಕಾರು ಕಂಡಿತು. ಚಕ್ರಗಳಿಲ್ಲ, ಇಟ್ಟಿಗೆ ಮೇಲೆ ನಿಂತಿದೆ, ಒಳಗೆ ಕೋಳಿಗಳು. ನಾವು ಮೂವರು ಮುಂದಿನ ಭಾನುವಾರವೇ ಹೋದೆವು. ಎಡಗಡೆಯ ಲೈಟು ಒಡೆದಿತ್ತು, ಬಲಗಡೆಯದು ಧೂಳಿನಡಿಯಲ್ಲಿ ಇಡಿಯಾಗಿತ್ತು. ತೋಟದ ಯಜಮಾನರು ಮೊದಲು ಒಪ್ಪಲಿಲ್ಲ. ಅದು ಅವರ ತಂದೆಯ ಕಾರು. ಮಗ ಬೆಂಗಳೂರಿನಲ್ಲಿದ್ದಾನೆ, ಬಂದು ರಿಪೇರಿ ಮಾಡಿಸುತ್ತೇನೆ ಅಂದಿದ್ದಾನೆ. ಎಷ್ಟು ವರ್ಷವಾಯಿತು ಹಾಗೆ ಅಂದು ಎಂದು ಕೇಳಿದರೆ ನಕ್ಕರು.

ಮೇಷ್ಟ್ರ ಕಥೆಯನ್ನೆಲ್ಲ ಹೇಳಿದ ಮೇಲೆ ಸ್ಕ್ರೂಡ್ರೈವರ್ ಅವರೇ ತಂದರು. ನಾಲ್ಕು ಸ್ಕ್ರೂಗಳಲ್ಲಿ ಎರಡು ತುಕ್ಕು ಹಿಡಿದು ತಲೆಯೇ ಕಿತ್ತುಬಂತು. ಅರ್ಧ ಗಂಟೆ ಸೀಮೆಎಣ್ಣೆ ಸುರಿದು ಕಾದೆವು. ಲೈಟು ಬಿಚ್ಚಿ ಕೈಗೆ ಕೊಡುವಾಗ ದುಡ್ಡು ಬೇಡವೆಂದರು. "ನಿಮ್ಮ ಮೇಷ್ಟ್ರ ಗಾಡಿ ಯಾವತ್ತಾದ್ರೂ ನಿಂತೋದ್ರೆ ಮೊದ್ಲು ನಂಗೇ ಹೇಳ್ಬೇಕು ಕಣ್ರೀ" ಎಂದರು. "ನಂಗೆ ಎಡಗಡೆ ಲೈಟು ಬೇಕು."